ಕ್ಯಾಮೊ ಪ್ಯಾಟರ್ನ್ ಮಾಡೋಕೆ ಜಿಂಪ್ ಸಾಕಾ, ಫೋಟೋಶಾಪೇ ಬೇಕಾ?

ಕ್ಯಾಮೊಫ್ಲಾಜ್ ಪ್ಯಾಟರ್ನ್ (ಸುತ್ತಲಿನ ಗಿಡ, ಮಣ್ಣಿನಲ್ಲಿ ಬೆರೆತು ಮರೆಯಾಗಲು ಬಳಸುವ ಮಚ್ಚೆಗಳ ಡಿಸೈನು) ನಾವೇ ಮಾಡಿಕೊಳ್ಳಬೇಕು ಅನ್ನುವವರು ಹೆಚ್ಚಾಗಿ ಮೂರು ಥರದವರು. ಒಬ್ಬರು ಹಕ್ಕಿ, ಪ್ರಾಣಿಗಳ ಫೋಟೋ ತೆಗೆಯುವವರು. ಅವರಿಗೆ ಉದ್ದನೆ ಲೆನ್ಸಿಗೆ ಒಂದು ಕವರ್ ಹೊಲಿಸಬೇಕು. ಇನ್ನೊಬ್ಬರು ಗೇಮ್ ಅಥವಾ ತ್ರೀಡಿ ಮಾಡೆಲ್ ಮಾಡುವವರು. ಅವರಿಗೆ ಜೀಪಿಗೋ ಹೆಲ್ಮೆಟ್ಟಿಗೋ ಹೊದಿಸಲು ಟೆಕ್ಸ್ಚರ್ ಬೇಕು. ಮೂರನೆಯವರು ಟೀ ಶರ್ಟ್, ಬ್ಯಾಗು, ಮೊಬೈಲ್ ಕವರ್ ಪ್ರಿಂಟ್ ಹಾಕಿಸಿ ಮಾರುವವರು. ಮೂವರ ಪ್ರಶ್ನೆಯೂ ಒಂದೇ: ಪುಕ್ಕಟೆ ಸಿಗುವ ಜಿಂಪ್ ಅನ್ನುವ ಚಿತ್ರ ತಿದ್ದುವ ಸಾಫ್ಟ್‌ವೇರ್ ಸಾಕಾ, ಫೋಟೋಶಾಪ್‌ಗೆ ತಿಂಗಳು ತಿಂಗಳು ಕಟ್ಟಬೇಕಾ, ಇಲ್ಲ ಅದಕ್ಕೇ ಅಂತ ಇರುವ ಪ್ಲಗಿನ್ (ಸಾಫ್ಟ್‌ವೇರಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಉಪಕರಣ) ಕೊಳ್ಳಬೇಕಾ? ಉತ್ತರ ಮಾತ್ರ ಮೂವರಿಗೂ ಬೇರೆ ಬೇರೆ.

ನೆಟ್‌ನಿಂದ ಒಂದು ಚಿತ್ರ ಇಳಿಸಿಕೊಂಡರೆ ಆಗಲ್ವಾ ಅಂತ ಕೇಳಬಹುದು. ಮೊಬೈಲ್ ವಾಲ್‌ಪೇಪರಿಗೆ ಆಗುತ್ತದೆ. ಬಟ್ಟೆಗೆ ಆಗುವುದಿಲ್ಲ. ಅಂಥ ಚಿತ್ರಗಳು ಚಿಕ್ಕವು, ಅಂಚಿಗೆ ಅಂಚು ಕೂಡುವುದಿಲ್ಲ, ಬಣ್ಣ ನಮ್ಮ ಕಾಡಿನದ್ದಲ್ಲ. ಎಷ್ಟೋ ಸಲ ಅದು ಬೇರೆಯವರ ಹಕ್ಕಿನ ಡಿಸೈನೂ ಆಗಿರುತ್ತದೆ.

ಒಳಗೆ ನಡೆಯುವುದೇನು

ಇದು ಗೊತ್ತಾದರೆ ಆಯ್ಕೆ ಅರ್ಧ ಮುಗಿದ ಹಾಗೆ. ಹೆಚ್ಚಿನ ಉಪಕರಣಗಳು ಮೊದಲು ಮೋಡದಂಥ ಒಂದು ಬೂದು ಚಿತ್ರ ಮಾಡುತ್ತವೆ. ಇದಕ್ಕೆ ನಾಯ್ಸ್ ಅನ್ನುತ್ತಾರೆ. ಜಿಂಪ್‌ನ ಸಾಲಿಡ್ ನಾಯ್ಸ್‌ಗೆ ಬುನಾದಿ 1980ರ ದಶಕದಲ್ಲಿ ಕೆನ್ ಪರ್ಲಿನ್ ರೂಪಿಸಿದ ವಿಧಾನ. ಆಮೇಲೆ ಆ ಮೋಡಕ್ಕೆ ಒಂದು ಮಟ್ಟ ಗೊತ್ತುಮಾಡುತ್ತಾರೆ. ಅದಕ್ಕಿಂತ ಬೆಳ್ಳಗಿರುವುದೆಲ್ಲ ಒಂದು ಬಣ್ಣ, ಕಪ್ಪಗಿರುವುದೆಲ್ಲ ಇನ್ನೊಂದು. ಬೇಸಿಗೆಯಲ್ಲಿ ಕೆರೆ ನೀರು ಇಳಿದಂತೆ ತಳದ ದಿಬ್ಬಗಳು ಒಂದೊಂದಾಗಿ ಮೇಲೆ ಕಾಣುತ್ತವಲ್ಲ, ಹಾಗೆ ಮಟ್ಟ ಇಳಿಸಿದಷ್ಟೂ ಬಿಳಿ ಮಚ್ಚೆಗಳು ಹೆಚ್ಚುತ್ತವೆ, ಹಿಗ್ಗುತ್ತವೆ. ಈ ಕೆಲಸದ ಹೆಸರು ಥ್ರೆಶೋಲ್ಡ್.

ಇಲ್ಲೇ ಒಂದು ಎಡವಟ್ಟು ಇರುವುದು. ಒಂದೇ ಮೋಡವನ್ನು ನಾಲ್ಕು ಮಟ್ಟಕ್ಕೆ ಕತ್ತರಿಸಿದರೆ ನಾಲ್ಕು ಬಣ್ಣವೇನೋ ಸಿಗುತ್ತದೆ. ಆದರೆ ಅವು ಯಾವಾಗಲೂ ಒಂದೇ ಕ್ರಮದಲ್ಲಿ ಕೂರುತ್ತವೆ: ಕಪ್ಪಿನ ಸುತ್ತ ಕಂದು, ಕಂದಿನ ಸುತ್ತ ಹಸಿರು, ಅದರ ಸುತ್ತ ಮರಳಿನ ಬಣ್ಣ. ನೋಡಿದರೆ ಸರ್ವೆ ನಕ್ಷೆಯ ಎತ್ತರದ ಗೆರೆಗಳು ನೆನಪಾಗುತ್ತವೆ, ಕಾಡು ಅಲ್ಲ. ಅಮೆರಿಕದ ಸೈನ್ಯ 1981ರಿಂದ ತೊಟ್ಟ ವುಡ್‌ಲ್ಯಾಂಡ್ ಪ್ಯಾಟರ್ನ್ ಗಮನಿಸಿ. ಕಪ್ಪು ಪಟ್ಟೆಗಳು ಒಣ ಕೊಂಬೆಯ ಹಾಗೆ ಉಳಿದ ಮೂರು ಬಣ್ಣಗಳನ್ನೂ ಹಾದು ಹೋಗುತ್ತವೆ. ಅದು ಬರಬೇಕಾದರೆ ಬಣ್ಣಕ್ಕೊಂದು ಬೇರೆ ಮೋಡ ಬೇಕು. ಯೂಟ್ಯೂಬಿನ ಎಷ್ಟೋ ಪಾಠಗಳು ಒಂದೇ ಮೋಡವನ್ನು ಹೀಗೆ ಮಟ್ಟಗಳಾಗಿ ಕತ್ತರಿಸುವ ಪೋಸ್ಟರೈಸ್ ಒತ್ತಿ ಮುಗಿಯಿತು ಅನ್ನುತ್ತವೆ. ಫಲಿತಾಂಶ ಯಾಕೋ ನಕಲಿ ಅನ್ನಿಸಿದರೆ ಹೆಚ್ಚಾಗಿ ಕಾರಣ ಇದೇ.

ಯಾವುದರ ಮೇಲೆ ಅಳೆಯಬೇಕು

ಮೊದಲನೆಯದು ಜೋಡಣೆ. ಬಟ್ಟೆ ತುಂಬಲು ಒಂದೇ ಚೌಕದ ತುಂಡನ್ನು ಪಕ್ಕಪಕ್ಕ ಮತ್ತೆ ಮತ್ತೆ ಇಡುತ್ತಾರೆ. ಆ ತುಂಡಿನ ಬಲ ಅಂಚು ಎಡ ಅಂಚಿಗೆ, ಮೇಲಿನದು ಕೆಳಗಿನದಕ್ಕೆ ಗೆರೆ ಕಾಣದಂತೆ ಕೂಡಬೇಕು. ಕೂಡಿದರಷ್ಟೇ ಸಾಲದು, ತುಂಡು ದೊಡ್ಡದೂ ಇರಬೇಕು. ಬಟ್ಟೆಗೆ ಇಂಚಿಗೆ 150 ಚುಕ್ಕಿ ಅಂತ ಇಟ್ಟುಕೊಳ್ಳಿ. 1024 ಪಿಕ್ಸೆಲ್ ತುಂಡು ಬರೀ 17 ಸೆಂ.ಮೀ. ಅಗಲ ಬರುತ್ತದೆ. ಒಂದು ಮೀಟರ್ ಬಟ್ಟೆಯಲ್ಲಿ ಅದೇ ಮಚ್ಚೆ ಸುಮಾರು ಆರು ಸಲ ಬಂದರೆ ಕಣ್ಣು ತಟ್ಟನೆ ಹಿಡಿಯುತ್ತದೆ. 4096 ಪಿಕ್ಸೆಲ್ ಆದರೆ 69 ಸೆಂ.ಮೀ. ಸಿಗುತ್ತದೆ. ತಿರುಗುವ ಉರುಳೆಗಳಿಂದ ಬಟ್ಟೆಗೆ ಬಣ್ಣ ಹಾಕುವ ರೋಟರಿ ಸ್ಕ್ರೀನ್ ಪ್ರಿಂಟಿಂಗಿನಲ್ಲಿ 64 ಸೆಂ.ಮೀ. ರಿಪೀಟ್ (ಡಿಸೈನು ಮರುಕಳಿಸುವ ಅಳತೆ) ಬಹಳ ರೂಢಿ. 4096 ಪಿಕ್ಸೆಲ್ಲನ್ನು ಆ ಅಳತೆಗೆ ಕೂರಿಸಿದರೆ ಇಂಚಿಗೆ ಸುಮಾರು 163 ಚುಕ್ಕಿ ಬರುತ್ತದೆ, ಬಟ್ಟೆಗೆ ಧಾರಾಳ.

ಎರಡನೆಯದು ಈಗಷ್ಟೇ ಹೇಳಿದ್ದು: ಬಣ್ಣಕ್ಕೊಂದು ಬೇರೆ ಮೋಡ ಸಿಗುತ್ತದಾ?

ಮೂರನೆಯದು ಮಚ್ಚೆಯ ಗಾತ್ರ ನಮ್ಮ ಕೈಯಲ್ಲಿ ಇದೆಯಾ ಅನ್ನುವುದು. ಇದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಣ್ಣ ಮಚ್ಚೆಗಳು ಹತ್ತಿರದಿಂದ ಕೆಲಸ ಮಾಡುತ್ತವೆ, ದೊಡ್ಡವು ದೂರದಿಂದ. ಎರಡೂ ಇದ್ದರೆ ಒಳ್ಳೆಯದು. ಅಮೆರಿಕದ ಸೈನ್ಯ 2004ರಲ್ಲಿ ಎಲ್ಲ ನೆಲಕ್ಕೂ ಇದೊಂದೇ ಸಾಕು ಅಂತ ಬೂದು ಬಣ್ಣದ ಚೌಕಗಳ ಪ್ಯಾಟರ್ನ್ ತಂದಿತು. ಬಣ್ಣಗಳೆಲ್ಲ ಒಂದಕ್ಕೊಂದು ತೀರಾ ಹತ್ತಿರ, ಚೌಕಗಳು ಸಣ್ಣವು. ಸ್ವಲ್ಪ ದೂರ ಹೋದರೆ ಎಲ್ಲ ಕಲಸಿಕೊಂಡು ಮನುಷ್ಯ ಒಂದೇ ತಿಳಿ ಬಣ್ಣದ ಮುದ್ದೆಯಾಗಿ ಕಾಣುತ್ತಿದ್ದ. 2010ರಲ್ಲಿ ಅಫ್ಗಾನಿಸ್ತಾನಕ್ಕೆ ಹೋಗುವವರಿಗೆ ಬೇರೆ ಪ್ಯಾಟರ್ನ್ ಕೊಡಬೇಕಾಯಿತು. ನಿಮ್ಮದನ್ನು ಪರೀಕ್ಷಿಸುವುದು ಸುಲಭ. ಚಿತ್ರವನ್ನು ಶೇ. 10ಕ್ಕೆ ಕುಗ್ಗಿಸಿ ನೋಡಿ. ಆಗಲೂ ಕಡು ಮತ್ತು ತಿಳಿ ಭಾಗ ಬೇರೆ ಬೇರೆ ಕಂಡರೆ ಸರಿ. ಒಂದೇ ಬಣ್ಣದ ಗೋಡೆಯಾದರೆ ದೊಡ್ಡ ಮಚ್ಚೆಗಳು ಬೇಕು, ಇಲ್ಲವೇ ಕಡು ಬಣ್ಣ ಇನ್ನೂ ಕಡು ಆಗಬೇಕು.

ನಾಲ್ಕನೆಯದು, ಇದೇ ಡಿಸೈನನ್ನು ಮತ್ತೆ ಹುಟ್ಟಿಸಬಹುದಾ? ರ್‍ಯಾಂಡಮ್ ಸೀಡ್ ಅನ್ನುವ ಸಂಖ್ಯೆ ಬರೆದಿಟ್ಟುಕೊಂಡು ಅದೇ ಸೆಟ್ಟಿಂಗ್ ಕೊಟ್ಟರೆ ಅದೇ ಮೋಡ ಮತ್ತೆ ಬರುತ್ತದೆ. ಅಂಗಡಿಯವರಿಗೆ ಇದು ಮುಖ್ಯ. ಗಿರಾಕಿ ಇದೇ ಡಿಸೈನು ಖಾಕಿ ಬಣ್ಣದಲ್ಲಿ ಕೊಡಿ ಅಂದರೆ ಏನು ಮಾಡ್ತೀರಿ?

ಕೊನೆಗೆ ಪ್ರಿಂಟರ್ ಏನು ಕೇಳುತ್ತಾನೆ ಅನ್ನುವುದು. ಸ್ಕ್ರೀನ್ ಪ್ರಿಂಟಾದರೆ ಬಣ್ಣಕ್ಕೊಂದು ಸ್ಕ್ರೀನು, ಅಂದರೆ ಬಣ್ಣ ಇಳಿಸುವ ಜಾಲರಿ. ನಾಲ್ಕು ಬಣ್ಣ ಅಂದರೆ ನಾಲ್ಕೇ ಇರಬೇಕು, ಅಂಚಿನಲ್ಲಿ ನಡುವಿನ ಛಾಯೆಗಳು ಇರಬಾರದು. ಬಿಸಿಯಿಂದ ಬಣ್ಣವನ್ನು ಬಟ್ಟೆಗೆ ಇಳಿಸುವ ಸಬ್ಲಿಮೇಶನ್‌ಗೆ ಆ ತಲೆನೋವಿಲ್ಲ, ಆದರೆ ಅದು ಪಾಲಿಯೆಸ್ಟರಿಗೆ ಮಾತ್ರ ಹಿಡಿಯುತ್ತದೆ, ಕಾಟನ್‌ಗೆ ಇಲ್ಲ.

ಜಿಂಪ್

ದುಡ್ಡು ಬೇಡ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಹಳೆಯ 2.8 ಆವೃತ್ತಿಯಲ್ಲಿ ಫೈಲ್, ಕ್ರಿಯೇಟ್, ಪ್ಯಾಟರ್ನ್ಸ್ ಒಳಗೆ ಕ್ಯಾಮೊಫ್ಲಾಜ್ ಅಂತಲೇ ಒಂದು ಸ್ಕ್ರಿಪ್ಟ್ ಇತ್ತು. ಮೂರು ಬಣ್ಣ, ಗಾತ್ರ, ಮಚ್ಚೆ ಎಷ್ಟು ಸಣ್ಣದಿರಬೇಕು ಅನ್ನುವ ಒಂದು ಸಂಖ್ಯೆ ಕೊಟ್ಟು ಓಕೆ ಒತ್ತಿದರೆ ಚೌಕಾಕಾರದ ತುಂಡು ತಯಾರು. ಬೇಗ ಆಗುತ್ತದೆ, ಅಂಚೂ ಕೂಡುತ್ತದೆ. ಆದರೆ ಮೂರೇ ಬಣ್ಣ, ಸೀಡ್ ಕೊಡಲು ಜಾಗ ಇಲ್ಲ, ಇನ್ನೊಮ್ಮೆ ಒತ್ತಿದರೆ ಬೇರೆಯದೇ ಬರುತ್ತದೆ. ನಿಮ್ಮ ಜಿಂಪ್‌ನಲ್ಲಿ ಆ ಮೆನು ಕಾಣದಿದ್ದರೆ ಹುಡುಕುತ್ತಾ ಕೂರಬೇಡಿ. ಕೈಯಲ್ಲಿ ಮಾಡುವುದೇ ಅದಕ್ಕಿಂತ ಚೆನ್ನಾಗಿ ಬರುತ್ತದೆ.

ಹೀಗೆ ಮಾಡಿ. 2048 ಅಥವಾ 4096 ಪಿಕ್ಸೆಲ್ ಚೌಕದ ಹೊಸ ಚಿತ್ರ ತೆರೆದು, ಅತಿ ಹೆಚ್ಚು ಕಾಣಬೇಕಾದ ಬಣ್ಣವನ್ನು ಪೂರ್ತಿ ತುಂಬಿ. ಅದರ ಮೇಲೆ ಹೊಸ ಲೇಯರ್, ಅಂದರೆ ಹಾಳೆಯ ಮೇಲೆ ಹಾಳೆ ಇಟ್ಟಂತೆ ಇನ್ನೊಂದು ಪದರ. ಫಿಲ್ಟರ್ಸ್, ರೆಂಡರ್, ನಾಯ್ಸ್ ಒಳಗಿನ ಸಾಲಿಡ್ ನಾಯ್ಸ್ ತೆಗೆದು ಅಂಚು ಕೂಡಿಸುವ ಟೈಲಬಲ್‌ಗೆ ಟಿಕ್ ಹಾಕಿ. ಎಕ್ಸ್ ಸೈಜ್, ವೈ ಸೈಜ್ ಅಂತ ಎರಡು ಸಂಖ್ಯೆ ಇವೆ. ಸಂಖ್ಯೆ ದೊಡ್ಡದಾದಷ್ಟೂ ಮಚ್ಚೆ ಸಣ್ಣದು. ಎಕ್ಸ್ 3, ವೈ 6 ಕೊಟ್ಟರೆ ಮಚ್ಚೆಗಳು ಅಡ್ಡಡ್ಡ ಚಾಚಿಕೊಳ್ಳುತ್ತವೆ, ವುಡ್‌ಲ್ಯಾಂಡ್ ಶೈಲಿ. ತಿರುಗಿಸಿ ಕೊಟ್ಟರೆ ಉದ್ದುದ್ದ ನಿಲ್ಲುತ್ತವೆ, ಹುಲ್ಲು, ಬಿದಿರಿನ ನಡುವೆ ಕೂರುವವರಿಗೆ ಅದೇ ವಾಸಿ. ಸೀಡ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಆಮೇಲೆ ಕಲರ್ಸ್ ಮೆನುವಿನ ಥ್ರೆಶೋಲ್ಡ್ ಎಳೆದು ಎಷ್ಟು ಭಾಗ ಕಪ್ಪು ಬೇಕೋ ಅಷ್ಟು ಮಾಡಿ. ಕಲರ್ ಟು ಆಲ್ಫಾದಿಂದ ಬಿಳಿಯನ್ನು ಪಾರದರ್ಶಕ ಮಾಡಿ, ಪಾರದರ್ಶಕ ಭಾಗಕ್ಕೆ ಬಣ್ಣ ತಾಗದಂತೆ ಆಲ್ಫಾ ಲಾಕ್ ಮಾಡಿ, ಉಳಿದ ಮಚ್ಚೆಗೆ ನಿಮ್ಮ ಬಣ್ಣ ತುಂಬಿ. ಮುಂದಿನ ಬಣ್ಣಕ್ಕೆ ಇನ್ನೊಂದು ಲೇಯರ್, ಇನ್ನೊಂದು ಸೀಡ್. ಮೇಲಿನ ಒಂದೆರಡು ಲೇಯರುಗಳಿಗೆ ಸಣ್ಣ ಮಚ್ಚೆ ಕೊಟ್ಟರೆ ದೂರಕ್ಕೂ ಹತ್ತಿರಕ್ಕೂ ಆಯಿತು.

ಮಿಲಿಟರಿಯವರ ಡಿಜಿಟಲ್ ಚೌಕದ ಶೈಲಿ ಬೇಕಾದರೆ ಇನ್ನೂ ಸುಲಭ. ಕೆನಡಾ ಸೈನ್ಯ ಮೊದಲು ತಂದು, ಆಮೇಲೆ ಅಮೆರಿಕದ ಮರೀನ್ ಪಡೆ ತೊಟ್ಟಿದ್ದು ಈ ಥರದ್ದು. ಮೇಲಿನದನ್ನೆಲ್ಲ 256 ಪಿಕ್ಸೆಲ್ ಚಿತ್ರದಲ್ಲಿ ಮಾಡಿ, ಕೊನೆಗೆ ಸ್ಕೇಲ್ ಇಮೇಜ್‌ನಲ್ಲಿ ಇಂಟರ್‌ಪೊಲೇಶನ್ None (ಏನೂ ಬೇಡ) ಅಂತ ಇಟ್ಟು 16 ಪಟ್ಟು ಹಿಗ್ಗಿಸಿ. ಪ್ರತಿ ಪಿಕ್ಸೆಲ್ಲೂ ಚೂಪಾದ ಚೌಕವಾಗುತ್ತದೆ.

ಬಣ್ಣ ಎಲ್ಲಿಂದ ತರುವುದು? ನೀವು ಹೋಗುವ ಜಾಗದ ಫೋಟೋದಿಂದಲೇ. ಆಕಾಶ ಕತ್ತರಿಸಿ ತೆಗೆದು, ಫೋಟೋವನ್ನು ಹೇಳಿದಷ್ಟೇ ಬಣ್ಣ ಉಳಿಸುವ ಇಂಡೆಕ್ಸ್ಡ್ ಮೋಡಿಗೆ ಬದಲಿಸಿ, ಗರಿಷ್ಠ 5 ಬಣ್ಣ ಅಂತ ಕೊಡಿ. ಆ ಜಾಗದ ಮುಖ್ಯ ಬಣ್ಣಗಳನ್ನು ಜಿಂಪೇ ಆರಿಸಿ ಕೊಡುತ್ತದೆ. ಮಾರ್ಚ್ ತಿಂಗಳ ಬಂಡೀಪುರದ ಫೋಟೋ ಹಾಕಿದರೆ ಒಣಹುಲ್ಲಿನ ಹಳದಿ, ಕೆಮ್ಮಣ್ಣು, ತೇಗದ ಕಾಂಡದ ಬೂದು ಬರುತ್ತದೆ. ಹಸಿರಿಗೆ ಜಾಗವೇ ಕಡಿಮೆ. ಆಗುಂಬೆಯ ಮಳೆಗಾಲದ ಫೋಟೋದಲ್ಲಿ ಕಡು ಹಸಿರು, ಕಪ್ಪು ಬಿಟ್ಟು ಬೇರೆ ಕಾಣುವುದು ಕಷ್ಟ. ಅಂಗಡಿಯಲ್ಲಿ ಸಿಗುವ ಹಸಿರು ಮಿಲಿಟರಿ ಪ್ರಿಂಟು ಬೇಸಿಗೆ ಕಾಡಿನಲ್ಲಿ ಎದ್ದು ಕಾಣುವುದು ಇದಕ್ಕೇ.

ಜಿ'ಮಿಕ್

ಇದು ಫ್ರಾನ್ಸಿನ ಕಾನ್ ನಗರದ ಗ್ರೇಕ್ ಸಂಶೋಧನಾಲಯದಲ್ಲಿ 2008ರಿಂದ ಬೆಳೆದು ಬಂದ ಪ್ಲಗಿನ್. 500ಕ್ಕೂ ಹೆಚ್ಚು ಫಿಲ್ಟರ್‌ಗಳಿವೆ, ಪುಕ್ಕಟೆ. ಜಿಂಪ್‌ಗೆ ಹಾಕಿಕೊಳ್ಳಬಹುದು. ವಿಂಡೋಸ್‌ನಲ್ಲಿ ಕ್ರಿಟಾ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಜೊತೆಗೇ ಬರುತ್ತದೆ. ಪ್ಯಾಟರ್ನ್ಸ್ ಗುಂಪಿನಲ್ಲಿ ಕ್ಯಾಮೊಫ್ಲಾಜ್ ಅಂತ ಒಂದು ಫಿಲ್ಟರ್ ಇದೆ. ಬಣ್ಣ ಆರಿಸಿ, ಪಕ್ಕದ ಪ್ರಿವ್ಯೂ ನೋಡುತ್ತಾ ಸ್ಲೈಡರ್ ಎಳೆದರೆ ಆಯಿತು. ಮೊದಲ ಸಲ ಮಾಡುವವರಿಗೆ ಇದಕ್ಕಿಂತ ಬೇಗ ಆಗುವುದು ಯಾವುದೂ ಇಲ್ಲ.

ಜಿ'ಮಿಕ್ ನಿಜಕ್ಕೂ ಕೈಹಿಡಿಯುವುದು ಅಂಚು ಕೂಡಿಸುವಾಗ. ಯಾವ ಫಿಲ್ಟರ್‌ನಿಂದ ಬಂದದ್ದೇ ಇರಲಿ, ತುಂಡನ್ನು ನಾಲ್ಕು ಸಲ ಪಕ್ಕಪಕ್ಕ ಇಟ್ಟು ನೋಡಿ. ಗೆರೆ ಕಂಡರೆ ಅದರಲ್ಲೇ ಮೇಕ್ ಸೀಮ್‌ಲೆಸ್ ಅನ್ನುವ ಫಿಲ್ಟರ್ ಇದೆ. ಅದು ಅಂಚನ್ನು ಕಲಸುತ್ತದೆ, ಹಾಗಾಗಿ ಹೊಸ ಛಾಯೆಗಳು ಸೇರಿಕೊಳ್ಳಬಹುದು. ಸ್ಕ್ರೀನ್ ಪ್ರಿಂಟಿಗಾದರೆ ಮತ್ತೆ ಇಂಡೆಕ್ಸ್ಡ್ ಮೋಡಿಗೆ ತಂದು ಬಣ್ಣ ಎಣಿಸಿಕೊಳ್ಳಲೇಬೇಕು. ಬಣ್ಣ, ಮಚ್ಚೆಯ ಆಕಾರದ ಮೇಲೆ ಹಿಡಿತ ಮಾತ್ರ ಜಿಂಪ್‌ನ ಕೈಕೆಲಸದಷ್ಟು ಸಿಗುವುದಿಲ್ಲ.

ಕ್ರಿಟಾ ಬಗ್ಗೆ ಒಂದು ಮಾತು. ಅದರಲ್ಲಿ ಡಬ್ಲ್ಯು ಕೀ ಒತ್ತಿದರೆ ಚಿತ್ರ ಎಲ್ಲ ಕಡೆಗೂ ಹರಡಿಕೊಂಡು ಕಾಣುತ್ತದೆ. ಬಲ ಅಂಚಿನಲ್ಲಿ ಬ್ರಶ್ ಎಳೆದರೆ ಎಡ ಅಂಚಿನಲ್ಲೂ ಬಣ್ಣ ಬೀಳುತ್ತದೆ. ಪದೇ ಪದೇ ಕಣ್ಣಿಗೆ ಹೊಡೆಯುವ ಮಚ್ಚೆಯೊಂದಿದ್ದರೆ ಹತ್ತು ನಿಮಿಷದಲ್ಲಿ ಕೈಯಿಂದಲೇ ತಿದ್ದಬಹುದು. ಈ ಒಂದು ಸೌಲಭ್ಯಕ್ಕೋಸ್ಕರವೇ ನಾನು ಕ್ರಿಟಾ ಹಾಕಿಕೊಳ್ಳಿ ಅನ್ನುತ್ತೇನೆ.

ಫೋಟೋಶಾಪ್

ಫೋಟೋಶಾಪ್‌ನಲ್ಲಿ ಕ್ಯಾಮೊಗೆ ಅಂತ ಪ್ರತ್ಯೇಕ ಫಿಲ್ಟರ್ ಇಲ್ಲ. ರೆಂಡರ್ ಒಳಗಿನ ಕ್ಲೌಡ್ಸ್, ಆಮೇಲೆ ಥ್ರೆಶೋಲ್ಡ್, ಅಂಚು ನಯವಾಗಲು ಮೀಡಿಯನ್ ಅಥವಾ ಬ್ಲರ್. ಹಾದಿ ಜಿಂಪ್‌ನದ್ದೇ. ಆದರೆ ಎರಡು ಕಿರಿಕಿರಿ ಇವೆ. ಕ್ಲೌಡ್ಸ್‌ಗೆ ಯಾವ ಸೆಟ್ಟಿಂಗೂ ಇಲ್ಲ. ಮಚ್ಚೆ ದೊಡ್ಡದು ಬೇಕಾದರೆ 512ರಲ್ಲಿ ಮಾಡಿ ಹಿಗ್ಗಿಸಬೇಕು, ಸೀಡ್ ಇಲ್ಲ. ಅಂಚು ತಾನಾಗಿ ಕೂಡಬೇಕಾದರೆ ಚಿತ್ರ 256, 512, 1024 ಹೀಗೆ ದ್ವಿಗುಣದ ಅಳತೆಯಲ್ಲೇ ಇರಬೇಕು. 1000 ಪಿಕ್ಸೆಲ್ ಅಂತ ಇಟ್ಟರೆ ಗೆರೆ ಬೀಳುತ್ತದೆ.

ಇನ್ನೊಂದು, ಬ್ಲರ್ ಮತ್ತು ಮೀಡಿಯನ್ ಚಿತ್ರದ ಅಂಚಿನಾಚೆ ಏನಿದೆ ಅಂತ ನೋಡುವುದಿಲ್ಲ. ಕೂಡುತ್ತಿದ್ದ ತುಂಡು ಬ್ಲರ್ ಆದ ಮೇಲೆ ಕೂಡುವುದಿಲ್ಲ. ತುಂಡನ್ನು ಮೂರಕ್ಕೆ ಮೂರರ ಹಾಗೆ ಒಂಬತ್ತು ಸಲ ಜೋಡಿಸಿ, ಆ ದೊಡ್ಡ ಚಿತ್ರಕ್ಕೆ ಬ್ಲರ್ ಕೊಟ್ಟು, ನಡುವಿನದನ್ನು ಮಾತ್ರ ಕತ್ತರಿಸಿಕೊಂಡರೆ ಸರಿಹೋಗುತ್ತದೆ. ಯಾವ ಸಾಫ್ಟ್‌ವೇರಿಗಾದರೂ ಈ ಉಪಾಯ ನಡೆಯುತ್ತದೆ.

ಹಾಗಾದರೆ ಫೋಟೋಶಾಪ್ ಯಾಕೆ? ಪ್ಯಾಟರ್ನ್ ಪ್ರಿವ್ಯೂ ಚೆನ್ನಾಗಿದೆ, ಪ್ರಿಂಟಿಂಗ್ ಬಣ್ಣಗಳ ಮೇಲೆ ಹಿಡಿತ ಜಾಸ್ತಿ, ಪ್ರಿಂಟ್ ಅಂಗಡಿಯವರಿಗೆ ಪಿಎಸ್‌ಡಿ ಫೈಲ್ ಕೊಟ್ಟರೆ ಮರುಪ್ರಶ್ನೆ ಇರಲ್ಲ. ಈಗಾಗಲೇ ಕೆಲಸಕ್ಕೆ ಅಂತ ಚಂದಾ ಕಟ್ಟುತ್ತಿದ್ದರೆ ಇದರಲ್ಲೇ ಮಾಡಿ. ಬರೀ ಕ್ಯಾಮೊಗೋಸ್ಕರ ಚಂದಾ ಕಟ್ಟುವುದು ದುಡ್ಡು ದಂಡ.

ಅದರಲ್ಲಿರುವ ಎಐಗೆ ಬರೆದು ಕೇಳಿದರೆ ಆಗಲ್ವಾ? ಚಿತ್ರ ಬರುತ್ತದೆ. ಆದರೆ ಅಂಚು ಕೂಡುತ್ತದೆ ಅನ್ನುವ ಭರವಸೆ ಇಲ್ಲ, ನಾಲ್ಕೇ ಬಣ್ಣ ಅಂದರೂ ನೂರಾರು ಛಾಯೆ ಇರುತ್ತದೆ, ಯಾವ ಸೈನ್ಯದ ಡಿಸೈನಿಗೆ ಎಷ್ಟು ಹತ್ತಿರ ಬಂದಿದೆ ಅನ್ನುವುದೂ ನಮಗೆ ತಿಳಿಯುವುದಿಲ್ಲ. ಐಡಿಯಾಗೆ ಸರಿ, ಬಟ್ಟೆಗೆ ಬೇಡ.

ಫಿಲ್ಟರ್ ಫೋರ್ಜ್

ಇದು ಫೋಟೋಶಾಪ್ ಪ್ಲಗಿನ್ನಾಗಿಯೂ ಓಡುತ್ತದೆ, ಸ್ವಂತವಾಗಿಯೂ ಓಡುತ್ತದೆ. ಲಿನಕ್ಸ್‌ಗೆ ಇಲ್ಲ. ದುಡ್ಡು ಕೊಟ್ಟು ಕೊಳ್ಳಬೇಕು, ಮೊದಲು ಟ್ರಯಲ್ ನೋಡಬಹುದು. ಬಳಕೆದಾರರೇ ಮಾಡಿ ಹಾಕಿದ ಸಾವಿರಾರು ಫಿಲ್ಟರ್‌ಗಳಲ್ಲಿ ಕ್ಯಾಮೊ ಫಿಲ್ಟರ್‌ಗಳೂ ಇವೆ. ಸೀಮ್‌ಲೆಸ್‌ಗೆ ಒಂದು ಟಿಕ್, ಬೇರೆ ಬೇರೆ ರೂಪಕ್ಕೆ ವೇರಿಯೇಶನ್ ಅನ್ನುವ ಒಂದು ಸ್ಲೈಡರ್. ಆ ಸಂಖ್ಯೆ ಬರೆದಿಟ್ಟುಕೊಂಡರೆ ಅದೇ ಡಿಸೈನನ್ನು ದೊಡ್ಡ ಅಳತೆಯಲ್ಲಿ ಮತ್ತೆ ತೆಗೆಯಬಹುದು. ಗೇಮ್ ಮಾಡುವವರಿಗೆ, ಒಂದೇ ಸಲ ಹತ್ತಿಪ್ಪತ್ತು ಬಗೆ ಬೇಕಾದವರಿಗೆ ಇದು ಲಾಭ. ದೊಡ್ಡ ಅಳತೆಗೆ ಹೋದಾಗ ರೆಂಡರ್ ನಿಧಾನ, ಹಳೆ ಲ್ಯಾಪ್‌ಟಾಪಿನಲ್ಲಿ ಕಾಫಿ ಕುಡಿದು ಬರಬಹುದು. ವರ್ಷಕ್ಕೊಂದು ಲೆನ್ಸ್ ಕವರ್ ಹೊಲಿಸುವವರಿಗೆ ಬೇಕಿಲ್ಲ.

ಇಂಕ್‌ಸ್ಕೇಪ್

ಗೆರೆ, ಆಕಾರಗಳಿಂದ ಚಿತ್ರ ಮಾಡುವ ಈ ಸಾಫ್ಟ್‌ವೇರ್ ಪ್ಯಾಟರ್ನ್ ಹುಟ್ಟಿಸುವುದಕ್ಕಲ್ಲ, ಮುಗಿಸುವುದಕ್ಕೆ. ಫಿಲ್ ಪಟ್ಟಿಯಲ್ಲಿ ಕ್ಯಾಮೊಫ್ಲಾಜ್ ಅನ್ನುವ ಸಿದ್ಧ ಪ್ಯಾಟರ್ನ್ ಒಂದಿದೆ ನಿಜ, ಪೋಸ್ಟರಿಗೆ ಸಾಕು. ನಿಜವಾದ ಉಪಯೋಗ ಟ್ರೇಸ್ ಬಿಟ್‌ಮ್ಯಾಪ್. ಜಿಂಪ್‌ನಲ್ಲಿ ಮಾಡಿದ ತುಂಡನ್ನು ಬಣ್ಣದ ಪ್ರಕಾರ ಟ್ರೇಸ್ ಮಾಡಿದರೆ ಪ್ರತಿ ಬಣ್ಣವೂ ಬೇರೆ ಆಕಾರವಾಗುತ್ತದೆ, ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ. ಸ್ಕ್ರೀನ್ ಮಾಡುವವರಿಗೂ ವಿನೈಲ್ ಕತ್ತರಿಸುವವರಿಗೂ ಬೇಕಾದದ್ದು ಇದೇ. ಇಲ್ಲೂ ಒಂಬತ್ತು ತುಂಡು ಜೋಡಿಸಿ ಟ್ರೇಸ್ ಮಾಡಿ ನಡುವಿನದನ್ನು ತೆಗೆದುಕೊಳ್ಳಿ, ಇಲ್ಲದಿದ್ದರೆ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಾಣುತ್ತದೆ.

ಯಾರಿಗೆ ಯಾವುದು

ಲೆನ್ಸ್ ಕವರ್ರಿಗೆ ಜಿಂಪ್, ಅಂಚು ತಿದ್ದಲು ಕ್ರಿಟಾ. ಖರ್ಚು ಸೊನ್ನೆ. ಸೈನ್ಯದ ಪ್ಯಾಟರ್ನಿನ ಮಚ್ಚೆಗಳು ಮನುಷ್ಯನ ಮೈ ಅಳತೆಗೆ ಮಾಡಿದ್ದು. ಅದನ್ನೇ ಲೆನ್ಸಿನ ಮೇಲೆ ಹಾಕಿದರೆ ಪೂರ್ತಿ ಲೆನ್ಸು ಒಂದೇ ಮಚ್ಚೆಯೊಳಗೆ ಹೋಗಬಹುದು. ದೊಡ್ಡ ಮಚ್ಚೆ 6ರಿಂದ 8 ಸೆಂ.ಮೀ., ಸಣ್ಣದು 1ರಿಂದ 2 ಸೆಂ.ಮೀ. ಇಟ್ಟುಕೊಳ್ಳಿ. ಜಿಂಕೆಗಳಿಗೆ ಕೆಂಪು, ಹಸಿರಿನ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ, ಅವಕ್ಕೆ ಕಡು ತಿಳಿಯೇ ಮುಖ್ಯ. ಹಕ್ಕಿಗಳದ್ದು ಬೇರೆ ಕಥೆ. ಅವುಗಳಲ್ಲಿ ಬಹುಪಾಲಿಗೆ ನಮಗಿಂತ ಹೆಚ್ಚು ಬಣ್ಣ ಕಾಣುತ್ತದೆ, ನೇರಳಾತೀತ ಬೆಳಕೂ ಸೇರಿ. ಬಿಳುಪು ಹೆಚ್ಚಿಸುವ ಸೋಪಿನ ಪುಡಿಯಲ್ಲಿ ಒಗೆದ ಬಟ್ಟೆ ಆ ಬೆಳಕಿನಲ್ಲಿ ಹೊಳೆಯುತ್ತದೆ. ಕವರನ್ನು ಬರೀ ನೀರಿನಲ್ಲಿ ತೊಳೆದರೆ ಒಳ್ಳೆಯದು. ಇಷ್ಟೆಲ್ಲ ಮಾಡಿ ಕೈ ಅಲ್ಲಾಡಿಸಿದರೆ ಯಾವ ಪ್ಯಾಟರ್ನೂ ಕಾಪಾಡುವುದಿಲ್ಲ.

ಗೇಮ್ ಟೆಕ್ಸ್ಚರಿಗೆ ಒಂದೆರಡು ಬೇಕಾದರೆ ಜಿ'ಮಿಕ್, ರಾಶಿ ಬೇಕಾದರೆ ಫಿಲ್ಟರ್ ಫೋರ್ಜ್. 2048 ಪಿಕ್ಸೆಲ್ ಸಾಕಾಗುತ್ತದೆ.

ಬಟ್ಟೆ ವ್ಯಾಪಾರದವರಿಗೆ ಜಿಂಪ್ ಜೊತೆ ಇಂಕ್‌ಸ್ಕೇಪ್, ಅಥವಾ ಈಗಾಗಲೇ ಇರುವ ಫೋಟೋಶಾಪ್. ನೀವು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಭಾರತೀಯ ಸೇನೆ 2022ರ ಜನವರಿ 15ರ ಸೇನಾ ದಿನದಂದು ತೋರಿಸಿದ ಹೊಸ ಸಮವಸ್ತ್ರದ ಪ್ಯಾಟರ್ನ್ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ನಿಫ್ಟ್ ಜೊತೆಗೂಡಿ ಮಾಡಿದ್ದು. ಅದರ ವಿನ್ಯಾಸವನ್ನು ಸೇನೆ ತನ್ನ ಹೆಸರಿಗೆ ನೋಂದಾಯಿಸಿಕೊಂಡಿದೆ. ಅದನ್ನು ನಕಲು ಮಾಡಿ ಮಾರುವ ಯೋಚನೆಯೇ ಬೇಡ. ಜನ ಸೈನಿಕನೆಂದು ನಂಬಲಿ ಅಂತ ಅಂಥ ಉಡುಪು ಧರಿಸುವುದು ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧ. ನೀಲಿ, ಗುಲಾಬಿ, ನೇರಳೆ ಬಣ್ಣದಲ್ಲಿ ನಿಮ್ಮದೇ ಮಚ್ಚೆಗಳನ್ನು ಮಾಡಿದರೆ ಈ ತಕರಾರೇ ಬರುವುದಿಲ್ಲ, ಟೀ ಶರ್ಟಿಗೆ ಅದೇ ಚೆನ್ನಾಗಿಯೂ ಕಾಣುತ್ತದೆ. ಜಮೈಕಾ, ಬಾರ್ಬಡೋಸ್‌ನಂಥ ಕಡೆ ಸಾಮಾನ್ಯ ಜನ ಕ್ಯಾಮೊ ತೊಡುವುದಕ್ಕೇ ನಿಷೇಧ ಇದೆ. ಕ್ರಿಕೆಟ್ ನೋಡಲು ವೆಸ್ಟ್ ಇಂಡೀಸಿಗೆ ಹೊರಟ ಗಿರಾಕಿ ಸಿಕ್ಕರೆ ಹೇಳಿ ಕಳಿಸಿ.

ಪ್ರಿಂಟರಿಗೆ ಫೈಲ್ ಕೊಡುವಾಗ ಜೆಪೆಗ್ ಬೇಡ, ಅಂಚಿನಲ್ಲಿ ಕೊಳೆ ಸೇರಿಸುತ್ತದೆ. ಪಿಎನ್‌ಜಿ ಅಥವಾ ಟಿಫ್ ಕೊಡಿ. ಜೊತೆಗೆ ತುಂಡಿನ ಅಳತೆ ಸೆಂ.ಮೀ. ಲೆಕ್ಕದಲ್ಲಿ, ಬಣ್ಣ ಎಷ್ಟು, ರಿಪೀಟ್ ನೇರವಾ ಇಲ್ಲ ಅರ್ಧ ಕೆಳಗೆ ಜಾರಿದ್ದಾ ಅಂತ ಬರೆದು ಕೊಡಿ. ಪೂರ್ತಿ ಬಟ್ಟೆಗೆ ಮೊದಲು ಒಂದು ಮೀಟರ್ ಮಾತ್ರ ಹಾಕಿಸಿ. ಅದನ್ನು ಬಿಸಿಲಲ್ಲಿ ಒಂದು ಗಿಡದ ಮೇಲೆ ಹೊದಿಸಿ, ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ಮೊಬೈಲಿನಲ್ಲಿ ಫೋಟೋ ತೆಗೆದು ನೋಡಿ. ಸ್ಕ್ರೀನ್ ಮೇಲೆ ಸರಿ ಕಂಡ ಹಸಿರು ಬಟ್ಟೆಯ ಮೇಲೆ ನೀಲಿಗೆ ತಿರುಗಿದ್ದರೆ ಆಗಲೇ ಗೊತ್ತಾಗುತ್ತದೆ, ಲೇಯರಿನ ಬಣ್ಣ ಬದಲಿಸಿ ಇನ್ನೊಂದು ಮೀಟರ್ ಹಾಕಿಸಿದರಾಯಿತು.